ಮುಚ್ಚಳದ ಕೋಣೆ

ಯಜಮಾನರು ಆ ಗಾಜಿನ ಕೋಣೆಯ ಮುಂದೆ ಹಾದುಹೋದಾಗಲೆಲ್ಲ ಒಳಗಿದ್ದ ಮೇಡಂ ಒಂದು ಫ್ಲಾಸ್ಕಿನ ಮುಚ್ಚಳವನ್ನು ನೋಡುತ್ತ ಕೂತಿರುತ್ತಿದ್ದರು. ಬೆಳಿಗ್ಗೆ ನೋಡಿದರೂ ಅದೇ ಮುಚ್ಚಳ, ಮಧ್ಯಾಹ್ನ ನೋಡಿದರೂ ಅದೇ. ತಡವಾಗಿ ಮನೆಗೆ ಬಂದ ಮಗನನ್ನು ತಾಯಿ ನೋಡುವ ಹಾಗೆ, ಮಾತಾಡದೆ, ಅದಾಗಿಯೇ ಬಾಯಿ ಬಿಡಲಿ ಎಂದು ಕಾಯುತ್ತಿರುವವರ ಹಾಗೆ.

ಗುಮಾಸ್ತನಿಗೆ ಗ್ರಹಚಾರ ಶುರುವಾದದ್ದು ಆ ಮುಚ್ಚಳದಿಂದಲೇ. ಅವನು ಫ್ಲಾಸ್ಕ್ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿದ್ದ, ಇನ್ನೂ ಖಾಯಂ ಆಗಿರಲಿಲ್ಲ. ವಸ್ತುಗಳಿಗೂ ಅವನಿಗೂ ಹಿಂದಿನ ಜನ್ಮದ ದಾಯಾದಿ ಜಗಳ. ಅವನು ಮುಟ್ಟಿದ ಪೆನ್ನು ಸೋರುತ್ತಿತ್ತು, ಎಳೆದ ಡ್ರಾಯರ್ ಪೂರ್ತಿ ಕಿತ್ತುಬಂದು ಕಾಲ ಮೇಲೆ ಬೀಳುತ್ತಿತ್ತು, ಸ್ಟೇಪ್ಲರ್ ಕಾಗದಕ್ಕಿಂತ ಹೆಚ್ಚಾಗಿ ಅವನ ಹೆಬ್ಬೆರಳನ್ನೇ ನೆಚ್ಚಿಕೊಂಡಿತ್ತು. ಇದ್ದದ್ದು ಅಕ್ಕನ ಮನೆಯಲ್ಲಿ. ಭಾವ ದಿನಾ ಸಂಜೆ ಬೂಟು ಬಿಚ್ಚುತ್ತ, ಮಳೆ ನಿಂತಿತಾ ಎಂದು ಕೇಳುವ ದನಿಯಲ್ಲಿ, "ಏನಪ್ಪಾ, ಖಾಯಂ ಆಯ್ತಾ?" ಎನ್ನುತ್ತಿದ್ದರು. ಅಕ್ಕ ಆಗ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಅದು ಯಾರ ಮೇಲಿನ ಸಿಟ್ಟು ಎಂದು ಗುಮಾಸ್ತ ಯಾವತ್ತೂ ಕೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಯಜಮಾನರು ಅವನನ್ನು ಕರೆಸಿದರು.

"ಇವತ್ತು ಡಿಸೈನ್ ಮೇಡಂ ಕೋಣೇಲಿ ಕೂತ್ಕೋ. ಸಹಾಯಕ್ಕೆ ಕಳಿಸಿದ್ದಾರೆ ಅನ್ನು. ಅವರು ದಿನವೆಲ್ಲ ಏನು ಮಾಡ್ತಾರೆ ನೋಡು. ಆ ಕುರ್ಚಿ ನಮಗೆ ಬೇಕೋ ಬೇಡವೋ, ಸಂಜೆ ಬಂದು ಹೇಳು. ನಿನ್ನ ಖಾಯಂ ವಿಚಾರಾನೂ ಸಂಜೇನೇ ತೀರ್ಮಾನ ಮಾಡಿಬಿಡೋಣ."

ಬೇರೊಬ್ಬರ ಕುರ್ಚಿ ಎಳೆದರೆ ತನಗೊಂದು ಕುರ್ಚಿ ಎಂದು ಗುಮಾಸ್ತನಿಗೆ ಅರ್ಥವಾಯಿತು. ಅವನಿಗೆ ಅರ್ಥವಾಗುವಷ್ಟರಲ್ಲಿ ಕಾರ್ಖಾನೆಗೆಲ್ಲ ಗೊತ್ತಾಗಿತ್ತು. ಹೆಡ್ ಕ್ಲರ್ಕ್ ಅವನ ಹೆಗಲ ಮೇಲೆ ಮೊದಲ ಸಲ ಕೈ ಹಾಕಿ, ಆ ಕೋಣೆಗೆ ಒಳ್ಳೆಯ ಕಿಟಕಿ ಇದೆಯೆಂದೂ ಬೆಳಕಿಲ್ಲದೆ ತಮ್ಮ ಕಣ್ಣು ಹಾಳಾಗುತ್ತಿದೆಯೆಂದೂ ಹೇಳಿಕೊಂಡರು. ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿಗೆ ಕಿಟಕಿ ಬೇಡವಾಗಿತ್ತು, ಗೋಡೆ ಸಾಕಾಗಿತ್ತು. ಅದಕ್ಕೆ ಒರಗಿಸಿ ರಟ್ಟಿನ ಪೆಟ್ಟಿಗೆ ಜೋಡಿಸಬಹುದಲ್ಲ. ಫೋರ್‌ಮನ್‌ಗೆ ಕೋಣೆಯೇ ಬೇಕಿರಲಿಲ್ಲ. ಮಾಡಿದ ಅಚ್ಚನ್ನೇ ಮತ್ತೆ ಮತ್ತೆ ಮಾಡಿಸುವ ಆ ಹೆಂಗಸಿನ ಕಾಟ ತಪ್ಪಿದರೆ ಸಾಕು ಎಂದರು. ಮೂರು ಜನರ ಹಾರೈಕೆ ಹೊತ್ತುಕೊಂಡು ಗುಮಾಸ್ತ ಕೋಣೆಯೊಳಗೆ ಹೋದ.

ಮೇಡಂ ಕನ್ನಡಕವನ್ನು ನೆತ್ತಿಗೇರಿಸಿ ನೋಡಿದರು, ಕೂರಲು ಹೇಳಿದರು, ಮತ್ತೆ ಮುಚ್ಚಳದ ಕಡೆ ತಿರುಗಿದರು. ಗೋಡೆಯ ಹಲಗೆಯ ಮೇಲೆ ಹಳೆಯ ಮುಚ್ಚಳಗಳು ಸಾಲಾಗಿದ್ದವು. ಗುಮಾಸ್ತ ಅವರ ಕೈಯನ್ನೇ ಕಾದ. ಕೈ ಏನೂ ಮಾಡಲಿಲ್ಲ. ಕೆಲಸ ಇಷ್ಟು ಸುಲಭವಾಗಿ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಒಂದು ಫ್ಲಾಸ್ಕನ್ನು ಅವನ ಕಡೆ ತಳ್ಳಿ, ಟೀ ಇದೆ, ಕುಡಿಯಿರಿ ಎಂದರು. ಒಂದೇ ಕೈಯಲ್ಲಿ ತೆರೆಯುವ ಹೊಸ ಫ್ಲಾಸ್ಕು. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಾಗ ಯಜಮಾನರಿಗೆ ಹೊಳೆದದ್ದಂತೆ. ಗುಮಾಸ್ತ ಮುಚ್ಚಳ ತಿರುಗಿಸಿದ, ಬರಲಿಲ್ಲ. ಎಳೆದ, ಬರಲಿಲ್ಲ. ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈ ಹಾಕಿದಾಗ ಅದು ಹಠ ಬಿಟ್ಟ ಮಗುವಿನ ಹಾಗೆ ಒಮ್ಮೆಲೇ ಬಾಯಿ ತೆರೆದು ಅವನ ತೋಳಿನ ತುಂಬ ಟೀ ಕಕ್ಕಿತು.

ಮೇಡಂ ಅಯ್ಯೋ ಎನ್ನಲಿಲ್ಲ, ಬಟ್ಟೆ ಕೊಡಲಿಲ್ಲ. ಕನ್ನಡಕ ಇಳಿಸಿಕೊಂಡು ಬಗ್ಗಿ, ಅವನ ಕೈ ಇದ್ದ ಜಾಗವನ್ನೇ ಹೊಳೆಯುವ ಕಣ್ಣಿನಿಂದ ನೋಡಿದರು.

"ಮೊದಲು ಯಾಕೆ ತಿರುಗಿಸಿದ್ರಿ?"

"ಗೊತ್ತಿಲ್ಲ ಮೇಡಂ."

"ಹೂಂ," ಎಂದರು ಅವರು, ಯಾರೋ ದೊಡ್ಡ ವಿದ್ವಾಂಸರ ಮಾತು ಕೇಳಿದ ಹಾಗೆ. ಪೆನ್ಸಿಲ್ ತೆಗೆದು ಮುಂದಿದ್ದ ನಕ್ಷೆಯಲ್ಲಿ ಒಂದು ಗೆರೆ ಅಳಿಸಿದರು, ಅದರ ಪಕ್ಕದಲ್ಲೇ, ಕೂದಲೆಳೆಯಷ್ಟು ದೂರದಲ್ಲಿ, ಇನ್ನೊಂದು ಗೆರೆ ಎಳೆದರು.

ಆ ಗೆರೆ ಗುಮಾಸ್ತನ ತಲೆಯನ್ನು ಕೊರೆಯತೊಡಗಿತು. ಟೀ ಚೆಲ್ಲಿದ್ದರಲ್ಲಿ ಇವರಿಗೆ ಕಂಡದ್ದಾದರೂ ಏನು? ತಡೆಯಲಾಗದೆ ಕೇಳಿದ. ತಿರುಗಿಸುವ ಮುಚ್ಚಳದ ಅಂಚಿನಲ್ಲಿ ಗೀರುಗಳಿರುತ್ತವೆ, ಇದರ ಅಂಚಿನಲ್ಲೂ ಅಂದಕ್ಕೆಂದು ಗೀರು ಹಾಕಿದ್ದೆವು, ಅದನ್ನು ಕಂಡ ಬೆರಳು ತಿರುಗಿಸದೆ ಇನ್ನೇನು ಮಾಡೀತು ಎಂದರು ಮೇಡಂ. ತನ್ನ ಬೆರಳಿಗೆ ಇಷ್ಟು ಬುದ್ಧಿಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅವನು ಹಲಗೆಯ ಕಡೆ ಕೈ ತೋರಿಸಿ ಒಂದೊಂದನ್ನೂ ಕೇಳುತ್ತ ಹೋದ. ಅಂಗಡಿಯಲ್ಲಿ ಎಲ್ಲರೂ ಮೆಚ್ಚಿದ್ದ ಒಂದು ಮುಚ್ಚಳ ಮನೆಗೆ ಹೋಗಿ ಮಗುವಿನ ಬೆರಳು ಕಚ್ಚಿತ್ತಂತೆ. ಇನ್ನೊಂದು ಹಳೆಯ ಹಾಲಿನ ವಾಸನೆಯನ್ನು ಬಿಡುತ್ತಲೇ ಇರಲಿಲ್ಲವಂತೆ. ಮತ್ತೊಂದರೊಳಗಿನ ರಬ್ಬರ್ ಬಳೆಯನ್ನು ಜನ ತೊಳೆಯುವಾಗ ಕಸವೆಂದು ಎಸೆದು, ಆಮೇಲೆ ಸೋರುತ್ತದೆ ಎಂದು ಜಗಳಕ್ಕೆ ಬಂದಿದ್ದರಂತೆ. ಬೇರೆಯವರು ಮಕ್ಕಳ ಬಹುಮಾನಗಳನ್ನು ತೋರಿಸುವ ಹಾಗೆ ಮೇಡಂ ತಮ್ಮ ತಪ್ಪುಗಳನ್ನು ತೋರಿಸುತ್ತಿದ್ದರು.

"ಐಡಿಯಾ ಬರೋದಕ್ಕೆ ಒಂದು ಬಸ್ಸು ಸಾಕು," ಎಂದರು. "ಅದು ಇನ್ನೊಬ್ಬರ ಮನೆಗೆ ಹೋಗಿ ಬಾಳಬೇಕಲ್ಲ. ಅಲ್ಲಿ ಒದ್ದೆ ಕೈ ಇರುತ್ತೆ, ಅವಸರ ಇರುತ್ತೆ, ಕಂಕುಳಲ್ಲಿ ಮಗು ಇರುತ್ತೆ. ಅದನ್ನೆಲ್ಲ ಇಲ್ಲೇ ಕೂತು ಅನುಭವಿಸಿಬಿಡಬೇಕು."

ಊಟದ ಹೊತ್ತಿಗೆ ಮೂವರೂ ಅವನನ್ನು ಸುತ್ತುವರಿದರು. ಮೇಡಂ ಎಳೆದದ್ದು ಒಂದೇ ಗೆರೆ ಎಂದು ತಿಳಿದು ಹೆಡ್ ಕ್ಲರ್ಕರಿಗೆ ಊಟ ರುಚಿಸಿತು. ಫೋರ್‌ಮನ್ ಆಗ ಮೇಜಿನ ಕೆಳಗಿನಿಂದ ಒಂದು ಫ್ಲಾಸ್ಕ್ ತೆಗೆದರು. ಯಜಮಾನರು ಬಸ್ಸಿನಿಂದಿಳಿದು ಗೀಚಿದ್ದ ಚಿತ್ರ ನೋಡಿಕೊಂಡು, ಮೇಡಂ ಕೋಣೆಯ ಹಂಗಿಲ್ಲದೆ, ನೇರವಾಗಿ ತಾವೇ ಮಾಡಿಸಿದ್ದಂತೆ. ನೆತ್ತಿಯ ಮೇಲೆ ಗುಂಡನೆಯ ದೊಡ್ಡ ಗುಂಡಿ. ಮುಟ್ಟಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ಮೂವರೂ ಟಕ್ ಟಕ್ ಎಂದು ಒತ್ತಿ ನೋಡಿ ಸಂತೋಷಪಟ್ಟರು.

"ಚಿತ್ರ ಇದೆ, ಯಂತ್ರ ಇದೆ," ಎಂದರು ಫೋರ್‌ಮನ್. "ನಡುವೆ ಆ ಮೇಡಂ ಯಾಕೆ ಬೇಕು ಹೇಳಿ. ತಗೊಂಡು ಹೋಗಿ ಯಜಮಾನರಿಗೆ ತೋರಿಸಪ್ಪಾ. ಇವತ್ತೇ ನೀನು ಖಾಯಂ."

ಬಿಸಿ ಟೀ ತುಂಬಿಸಿ ಅವನ ಕೈಗೆ ಕೊಟ್ಟರು. ಮೆರವಣಿಗೆ ಮೆಟ್ಟಿಲು ಹತ್ತಿತು: ಮುಂದೆ ಬಿಳಿ ಅಂಗಿಯ ಹೆಡ್ ಕ್ಲರ್ಕ್, ಹಿಂದೆ ಗುಮಾಸ್ತ, ಅವನ ಹಿಂದೆ ಉಳಿದಿಬ್ಬರು. ಕಂಬಿ ಹಿಡಿಯಲು ಕೈ ಬೇಕೆಂದು ಗುಮಾಸ್ತ ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಗುಂಡಿ ಕಂಕುಳನ್ನೇ ಬೆರಳೆಂದು ತಿಳಿಯಿತು. ಟೀ ಒಂದೇ ಚಿಮ್ಮಿಗೆ ಹೆಡ್ ಕ್ಲರ್ಕರ ಬೆನ್ನಿಗೆ ಹೋಯಿತು. ಅವರು ಹಾರಿದ್ದು ಕಂಡು ಗಾಬರಿಯಾದ ಗುಮಾಸ್ತ ಫ್ಲಾಸ್ಕನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡ. ಟೀಗೆ ಇನ್ನೂ ಹುರುಪು ಬಂತು. ಮೇಲ್ವಿಚಾರಕಿ, ಕೊಡು ತಮ್ಮಾ ಇಲ್ಲಿ ಎಂದು ಕಿತ್ತುಕೊಳ್ಳುವಾಗ ಅದು ತಲೆಕೆಳಗಾಗಿ ಅವರ ಚಪ್ಪಲಿ ತೊಳೆಯಿತು. ಅವರ ಕೈಯಿಂದ ಫೋರ್‌ಮನ್ ಕಿತ್ತುಕೊಂಡದ್ದೇ ಮುಚ್ಚಳ ಬುಡಸಮೇತ ಕಳಚಿ, ಒಂದೊಂದು ಮೆಟ್ಟಿಲನ್ನೂ ಮಾತಾಡಿಸುತ್ತ ಕೆಳಗಿಳಿದು ಯಂತ್ರದ ಅಡಿಗೆ ಹೋಗಿ ತಣ್ಣಗಾಯಿತು.

ಎಲ್ಲರೂ ಗುಮಾಸ್ತನ ಮೇಲೆ ಮುಗಿಬಿದ್ದರು. "ಫ್ಲಾಸ್ಕ್ ಸರಿಯಾಗೇ ಇದೆ, ಇವನೇ ಸರಿಯಿಲ್ಲ," ಎಂದು ಫೋರ್‌ಮನ್ ತೀರ್ಪು ಕೊಟ್ಟರು.

ಸದ್ದಿಗೆ ಹೊರಗೆ ಬಂದಿದ್ದ ಮೇಡಂ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. "ಕೊಳ್ಳೋದಕ್ಕೆ ಬರೋರೂ ಇಂಥವರೇ ಅಲ್ವಾ?" ಎಂದರು, ಮೆಲ್ಲಗೆ. ಆಮೇಲೆ ಹೆಡ್ ಕ್ಲರ್ಕರ ಬೆನ್ನನ್ನು ಕುತೂಹಲದಿಂದ ನೋಡುತ್ತ, ಟೀ ಮೊದಲು ತಗುಲಿದ್ದು ಎಡಕ್ಕೋ ಬಲಕ್ಕೋ ಎಂದು ವಿಚಾರಿಸಿದರು. ಹೆಡ್ ಕ್ಲರ್ಕ್ ಅಂಗಿಯನ್ನು ಬೆನ್ನಿನಿಂದ ಎತ್ತಿ ಹಿಡಿದುಕೊಂಡು ನಲ್ಲಿಯ ಕಡೆ ಓಡಿದರು.

ಮಧ್ಯಾಹ್ನವೆಲ್ಲ ಗುಮಾಸ್ತನಿಗೆ ಬೇಹುಗಾರಿಕೆಯ ನೆನಪೇ ಆಗಲಿಲ್ಲ. ಮೇಡಂ ಫ್ಲಾಸ್ಕುಗಳನ್ನು ಒಂದೊಂದಾಗಿ ತಳ್ಳುತ್ತಿದ್ದರು, ಅವನು ಒಂದೊಂದನ್ನೂ ತೆರೆದು, ಚೆಲ್ಲಿ, ಕೇಳುತ್ತಿದ್ದ. ಇದು ಇಲ್ಲಿ ಯಾಕೆ ತಗ್ಗು? ಇದು ಮುಚ್ಚುವಾಗ ಯಾಕೆ ಸದ್ದು ಮಾಡಬೇಕು? ಮುಚ್ಚಿತು ಎಂದು ಕಿವಿಗೂ ಗೊತ್ತಾಗಲಿ ಅಂತ ಎಂದರು ಅವರು. ಕೊನೆಗೆ ಬಂದ ಫ್ಲಾಸ್ಕಿನಲ್ಲಿ ಹೆಬ್ಬೆರಳಿಗೆಂದೇ ಒಂದು ಸಣ್ಣ ಗುಳಿ ಇರುವುದನ್ನು ಅವನೇ ಕಂಡುಹಿಡಿದ. ಬಸ್ಸಿನ ಕಂಬಿಯೆಂದು ಕಿಟಕಿಯ ಸರಳನ್ನು ಹಿಡಿದು, ಒಂದೇ ಕೈಯಲ್ಲಿ ತೆರೆದು, ಬಟ್ಟಲಿಗೆ ಬಗ್ಗಿಸಿದ. ಒಂದು ತೊಟ್ಟೂ ಹೊರಗೆ ಬೀಳಲಿಲ್ಲ. ಮತ್ತೆ ಮಾಡಿದ, ಆಗಲೂ ಬೀಳಲಿಲ್ಲ. ಹುಟ್ಟಿದಾರಭ್ಯ ಒಂದು ವಸ್ತು ಅವನ ಮಾತು ಕೇಳಿದ್ದು ಅದೇ ಮೊದಲು. ಹೆಮ್ಮೆಯಿಂದ ತಿರುಗಿ ನೋಡಿದರೆ ಮೇಡಂ ಪೆನ್ಸಿಲ್ ಕೆಳಗಿಟ್ಟು ನಿಟ್ಟುಸಿರು ಬಿಡುತ್ತಿದ್ದರು. ವಯಸ್ಸಾಯಿತು, ದಣಿದಿದ್ದಾರೆ ಎಂದುಕೊಂಡ.

ಸಂಜೆ ಅವನು ಯಜಮಾನರ ಮೇಜಿನ ಮುಂದೆ ಹೋಗಿ ನಿಂತ. ಬೇಡ ಎಂಬ ಒಂದು ಮಾತು ಸಾಕಿತ್ತು. ಭಾವನ ಬಾಯಿ ಮುಚ್ಚಿಸಬಹುದಿತ್ತು, ಅಕ್ಕನ ಪಾತ್ರೆಗಳೂ ಸುಮ್ಮನಾಗುತ್ತಿದ್ದವು. ಆದರೆ ಬಾಯಿಗೆ ಬಂದದ್ದೇ ಬೇರೆ.

"ಬೇಕು ಸಾರ್. ನಿಮ್ಮ ಐಡಿಯಾ ಚೆನ್ನಾಗೇ ಇದೆ, ಆದರೆ ನಿಮ್ಮ ತಲೇಲಿ ಚೆನ್ನಾಗಿದೆ. ಅದು ನಮ್ಮಂಥವರ ಕೈಗೆ ಬರೋದರೊಳಗೆ ಎಲ್ಲೆಲ್ಲಿ ಬೀಳುತ್ತೆ, ಯಾರನ್ನ ಸುಡುತ್ತೆ, ಎಲ್ಲ ಅವರಿಗೆ ಗೊತ್ತು. ಎಷ್ಟು ಕಾಲ ಕೆಡಿಸಿ ಕಲಿತದ್ದೋ ಏನೋ. ನನ್ನ ಖಾಯಂ ಆಗದಿದ್ರೂ ಚಿಂತೆಯಿಲ್ಲ, ಆ ಕುರ್ಚಿ ತೆಗೀಬೇಡಿ."

ಯಜಮಾನರು ಅವನನ್ನೇ ನೋಡಿ, ಬಿದ್ದು ಬಿದ್ದು ನಕ್ಕರು. "ಆ ಕುರ್ಚಿ ಹೋದ್ರೆ ನನ್ನ ಕುರ್ಚೀನೂ ಹೋಗುತ್ತೆ ಕಣಯ್ಯಾ. ಅದನ್ನ ತೆಗೆಯೋಕೆ ನನಗೇನು ತಲೆ ಕೆಟ್ಟಿದೆಯಾ?"

ಅಷ್ಟರಲ್ಲಿ ಮೇಡಂ ಹೊಸ ಫ್ಲಾಸ್ಕನ್ನು ಹಿಡಿದುಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಯಜಮಾನರು ವಿಷಯ ಬಿಚ್ಚಿದರು. ಏನು ಕೊಟ್ಟರೂ ತಪ್ಪಾಗಿ ಹಿಡಿಯುವ ಒಬ್ಬ ಮನುಷ್ಯ ಬೇಕು, ಖಾಯಂ ಆಗಿ ಬೇಕು ಎಂದು ಮೇಡಂ ಬಹಳ ದಿನಗಳಿಂದ ಕೇಳುತ್ತಿದ್ದರಂತೆ. ಪಳಗಿದವರ ಕೈಯಲ್ಲಿ ಕೆಟ್ಟ ಮುಚ್ಚಳವೂ ಸುಸೂತ್ರವಾಗಿ ತೆರೆದುಕೊಳ್ಳುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಕಾರ್ಖಾನೆಯಲ್ಲಿ ಯಾರನ್ನು ವಿಚಾರಿಸಿದರೂ ಎಲ್ಲರ ಬೆರಳೂ ಗುಮಾಸ್ತನ ಕಡೆಗೇ ಹೋಯಿತಂತೆ. ನೋಡುತ್ತಿದ್ದಾರೆ ಎಂದು ಗೊತ್ತಾದರೆ ಕೈ ಹುಷಾರಾಗುತ್ತದೆ. ಅದಕ್ಕೇ, ನೋಡುವವನು ನೀನು ಎಂದು ಹೇಳಿ ಕಳಿಸಿದ್ದು.

ಗುಮಾಸ್ತನಿಗೆ ಅವಮಾನಪಡಲು ಪುರುಸೊತ್ತಾಗಲಿಲ್ಲ. "ಹಾಗಾದ್ರೆ ಸಾರ್, ಖಾಯಂ..."

ಯಜಮಾನರು ಮೇಡಂ ಮುಖ ನೋಡಿದರು. ಮೇಡಂ ನೆಲ ನೋಡಿದರು.

"ಬೆಳಿಗ್ಗೆ ಇವರಂಥವರು ಇನ್ನೊಬ್ಬರು ಸಿಗಲ್ಲ ಅನ್ನಿಸಿತ್ತು. ಮೆಟ್ಟಿಲ ಹತ್ರ ನೋಡಿದ ಮೇಲಂತೂ ಖಾಯಂ ಆರ್ಡರ್ ಬರೆಸಿಬಿಡೋಣ ಅಂತಿದ್ದೆ. ಆದರೆ ಇವರು ಕೇಳ್ತಾ ಹೋದರು, ನಾನೂ ಹೇಳ್ತಾ ಹೋದೆ. ತಪ್ಪು ನಂದೇ. ಕಲಿತುಬಿಟ್ಟರು," ಎಂದರು ಮೇಡಂ.

"ಇಲ್ಲ ಮೇಡಂ, ನನಗೇನೂ ಬರಲ್ಲ," ಎಂದ ಗುಮಾಸ್ತ. ಮೇಜಿನ ಮೇಲಿದ್ದ ಫ್ಲಾಸ್ಕನ್ನು ಎತ್ತಿಕೊಂಡು, ಈ ಸಲ ಚೆಲ್ಲಿಯೇ ತೀರಬೇಕೆಂದು ಹಲ್ಲು ಕಚ್ಚಿದ. ಹೆಬ್ಬೆರಳು ತಾನಾಗಿ ಹೋಗಿ ಗುಳಿಯಲ್ಲಿ ಕೂತಿತು. ಮುಚ್ಚಳ ಹೂವಿನ ಹಾಗೆ ಅರಳಿತು. ಯಜಮಾನರ ಬಟ್ಟಲು ತುಂಬಿತು, ಮೇಜು ಒಣಗಿಯೇ ಇತ್ತು. ಅವನಿಗರಿವಿಲ್ಲದೆ ಕೈ ಫ್ಲಾಸ್ಕಿನ ಬಾಯನ್ನೂ ಒರೆಸಿ ಮುಚ್ಚಿತು. ಟಕ್ ಎಂದು ಕಿವಿಗೂ ಕೇಳಿಸಿತು.

"ನೋಡಿದ್ರಾ," ಎಂದರು ಮೇಡಂ, ಒಳ್ಳೆಯ ಸಂಬಂಧವೊಂದು ತಪ್ಪಿಹೋದ ದುಃಖದಲ್ಲಿ.

ಹಾಗಾದರೆ ನಿಮಗೇ ಸಹಾಯಕನಾಗಿ ಇರಲಿ ಎಂದು ಯಜಮಾನರು ಒಂದು ದಾರಿ ಹುಡುಕಿದರು. ಮೇಡಂ ಆಗದೆಂದು ತಲೆಯಾಡಿಸಿದರು. ಇವರಿಗೆ ತಿಳಿದದ್ದು ಒಂದೇ ಮುಚ್ಚಳ, ನನ್ನ ಹಾಗೆ ಹಲಗೆ ತುಂಬ ಮುಚ್ಚಳ ಕೆಡಿಸಿದ ಮೇಲೆ ಆ ಮಾತು ಎಂದರು. ಸಹಾಯಕ್ಕೆ ಸಾಲುವಷ್ಟು ಗೊತ್ತಿಲ್ಲ, ಚೆಲ್ಲುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತಾಗಿಬಿಟ್ಟಿದೆ. ನಾಳೆಯಿಂದ ಲೆಕ್ಕದ ವಿಭಾಗದಲ್ಲೇ, ಮೊದಲಿದ್ದ ಹಾಗೇ ಇರಲಿ ಎಂದು ತೀರ್ಮಾನವಾಯಿತು. ಅಲ್ಲಿ ಒದ್ದೆ ಬೆನ್ನಿನ ಹೆಡ್ ಕ್ಲರ್ಕ್ ಕಾಯುತ್ತಿರುತ್ತಾರೆ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಗುಮಾಸ್ತ ನಮಸ್ಕಾರ ಹೇಳಿ, ಭಾರವಾದ ಕಾಲೆಳೆದುಕೊಂಡು ಬಾಗಿಲಿಗೆ ಬಂದು ತಳ್ಳಿದ. ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದ. ಆಗಲೂ ತೆರೆಯದಿದ್ದಾಗ ಹಿಂದೆ ಸರಿದು, ಓಡಿಬಂದು, ಒಳಕ್ಕೆ ಎಳೆಯಬೇಕಾದ ಆ ಬಾಗಿಲಿಗೆ ಹಣೆ ಚಚ್ಚಿಕೊಂಡ.

ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಬೆಳಗಿನ ಆ ಹೊಳಪು ಅವರ ಕಣ್ಣಿಗೆ ಮರಳಿ ಬಂದಿತ್ತು. ಆಮೇಲೆ ಏನೋ ಯೋಚಿಸಿ ಮೆಲ್ಲಗೆ ಕೂತರು.

"ಪಾಪ," ಎಂದರು ಯಜಮಾನರಿಗೆ. "ನಾವು ಬಾಗಿಲು ಮಾಡಲ್ವಲ್ಲ."