ಪೇರಲ ಹಣ್ಣಿನ ಕಾಬ್ಲರು

ಅಡಿಗೆಗೆ ಹೆಸರಿಡದೆ ಎದ್ದರೆ ನನಗೆ ಉಂಡಂತೆಯೇ ಆಗುತ್ತಿರಲಿಲ್ಲ. ಹುಳಿ ತೆಳುವಾಯಿತು, ಪಲ್ಯ ಸೀದಿತು, ಚಪಾತಿ ಚರ್ಮವಾಯಿತು, ಹೀಗೆ ಏನಾದರೊಂದು ತಪ್ಪು ಹುಡುಕುವುದು ನನ್ನ ಪಾಲಿಗೆ ಉಪ್ಪಿನಕಾಯಿ ಇದ್ದ ಹಾಗೆ. ನಮ್ಮಪ್ಪನಿಂದ ಹೊಲ ಬರಲಿಲ್ಲ, ಮನೆ ಬರಲಿಲ್ಲ, ಈ ನಾಲಿಗೆ ಮಾತ್ರ ಬಂತು.

ಆಗ ಇಂಗ್ರೇಜರ ರಾಜ್ಯ. ಧಾರವಾಡ ಬಿಟ್ಟು ಪುಣೆಗೆ ಬಂದು, ಅಮೆರಿಕದವರ ಮಿಶನ್ ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ಶಾಲೆ ನಡೆಸುವ ಅಮೆರಿಕದ ಮಡ್ಡಮ್ಮನವರು, ಅಂದರೆ ಮೇಡಮ್ಮು, ಕಾಬ್ಲರು ಎಂಬ ತಿಂಡಿ ಕೊಟ್ಟರು. ಕೆಳಗೆ ಬೆಂದ ಹಣ್ಣು, ಮೇಲೆ ಬೆಣ್ಣೆ ಕಲಸಿದ ಹಿಟ್ಟಿನ ಹೊಂಬಣ್ಣದ ಹೊದಿಕೆ. ತತ್ತಿ ಹಾಕಿಲ್ಲವಲ್ಲ ಎಂದು ಮೂರು ಸಲ ಕೇಳಿ, ಮೂರು ಸಲ ಹಾಕಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ! ವಾರವಿಡೀ ಹೆಂಡತಿ ಗೋದಾವರಿ ಬಡಿಸಿದ ಒಂದೊಂದು ಪದಾರ್ಥದ ಮುಂದೂ ಅದನ್ನೇ ಹೊಗಳಿದೆ. ಎಂಟನೆಯ ದಿನ ಆಕೆ ಸೌಟನ್ನು ನನ್ನ ಕೈಗೇ ಕೊಟ್ಟಳು.

"ನೀವೇ ಮಾಡ್ರಿ. ಛಲೋ ಆದ್ರ ಜನ್ಮ ಇರೂತನಾ ನನ್ನ ಅಡಿಗಿಗೆ ಹೆಸರಿಡ್ರಿ. ಕೆಟ್ಟಿತೋ, ಇನ್ನ ಮ್ಯಾಲ ತುಟಿ ಪಿಟಕ್ ಅನಬಾರ್ದು ನೋಡ್ರಿ."

ನನ್ನ ಜನ್ಮಸಿದ್ಧ ಹಕ್ಕಿಗೇ ಕೈ ಹಾಕಿದ್ದಳು. ರವಿವಾರ ಕಚ್ಚೆ ಬಿಗಿದು, ನಾವು ಬಾಡಿಗೆಗಿದ್ದ ವಾಡೆಯ ಅಂಗಳಕ್ಕಿಳಿದೆ. ಪೇರಲ ಹೆಚ್ಚಿ ಬೆಲ್ಲ ಬೆರೆಸಿದೆ. ಹಿಟ್ಟು, ಬೆಣ್ಣೆ, ಹಾಲು, ಚಿಟಿಕೆ ಸೋಡಾ ಕಲಸಿ ಅದರ ಮೇಲೆ ಮುದ್ದೆ ಮುದ್ದೆಯಾಗಿ ಇಟ್ಟೆ. ಮಡ್ಡಮ್ಮನವರ ಹತ್ತಿರ ಓವನ್ನು ಇತ್ತು. ನನ್ನದು ಕಲಾಯಿ ಹಾಕಿದ ಪಾತೇಲಿ. ಮುಚ್ಚಳದ ಮೇಲೆ ಕೆಂಡ, ತಳಕ್ಕೆ ಕೆಂಡ, ನಡುವೆ ನನ್ನ ಮಾನ. ಊದಿ ಊದಿ ಮೀಸೆಯ ಒಂದು ತುದಿ ಸುಟ್ಟುಕೊಂಡೆ. ವಾಡೆಯ ಐದೂ ಬಿಡಾರದವರು ಸುತ್ತ ನಿಂತು ಮರಾಠಿಯಲ್ಲಿ ಸಲಹೆ ಕೊಟ್ಟರು, ನಾನು ಕನ್ನಡದಲ್ಲಿ ಬೈದೆ, ಯಾರಿಗೂ ಬೇಸರವಾಗಲಿಲ್ಲ.

ಮುಚ್ಚಳ ತೆಗೆದರೆ, ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಹೊಂಬಣ್ಣ! ಅಂಚಿನಲ್ಲಿ ಬೆಲ್ಲದ ಪಾಕ ಕೊತಕೊತ ಕುದಿಯುತ್ತಿತ್ತು. ನಲವತ್ತರ ಗುಮಾಸ್ತ ನಾನು ಅಂಗಳದ ತುಂಬ ಕುಣಿದೆ. ಗೋದಾವರಿ ಒಂದು ತುತ್ತು ತಿಂದು, ಸೋತೆನೆಂದು ಮರ್ಯಾದೆಯಿಂದ ಒಪ್ಪಿಕೊಂಡಳು. ಆದರೆ ಪಕ್ಕದ ಮನೆಯ ಗಂಗೂಬಾಯಿ ಎರಡು ಬಟ್ಟಲು ಖಾಲಿ ಮಾಡಿ, ಬೆರಳು ನೆಕ್ಕುತ್ತ, ಸಿಹಿ ಚೂರು ಕಡಿಮೆಯಾಯಿತಲ್ಲವೇ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ತಾಸು ಕೆಂಡದ ಮುಂದೆ ಬೆಂದವನು ನಾನು, ಕೂತು ತಿಂದವರ ಬಾಯಲ್ಲಿ ಈ ಮಾತೇ? ಬಟ್ಟಲು ಕಸಿದುಕೊಂಡು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತೆ. ಗೋದಾವರಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ, ಪಾತೇಲಿ ತಿಕ್ಕಲು ಹೋದಳು.

ಮರುದಿನ ಗೆದ್ದ ಹಕ್ಕಿನೊಡನೆ ಊಟಕ್ಕೆ ಕುಳಿತೆ. ಸಾರು ಕಲಸಿ ಬಾಯಿಗಿಟ್ಟೆ, ಬರೀ ಸಪ್ಪೆ. ಎದುರಿಗೆ ಆಕೆ ಸೌಟು ಹಿಡಿದು ಕಾಯುತ್ತಿದ್ದಳು. ಹಣೆಯ ಮೇಲೆ ಒಲೆಯ ಬೆವರು. ಹದಿನಾಲ್ಕು ವರ್ಷ ಆ ಬೆವರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಾಚಿಕೆಯಾಯಿತು.

"ಭಾಳ ಛಲೋ ಆಗೇದ," ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ.

"ನೀವು ಹೆಸರಿಡ್ಲಿ ಅಂತ ಬೇಕಂತನ ಉಪ್ಪು ಹಾಕಿಲ್ರಿ," ಎಂದಳು.

ಅದಕ್ಕೂ ಹೆಸರಿಡಲು ಬಾಯಿ ಬಾರದೆ, ಆ ಎರಡನೆಯ ಸೌಟನ್ನೂ ತೆಪ್ಪಗೆ ಉಂಡು ಎದ್ದೆ.