ಎಡಗಡೆ ತಬಲಾ, ಬಲಗಡೆ ಸಾರಂಗಿ

ಯಾವುದೋ ಒಂದು ವಿಷಯದಲ್ಲಿ ತಾನು ಉಳಿದವರಿಗಿಂತ ಗುಲಗಂಜಿಯಷ್ಟಾದರೂ ಹೆಚ್ಚು ಎಂಬ ಗುಟ್ಟಾದ ನಂಬಿಕೆ ಎಲ್ಲರಿಗೂ ಇರುತ್ತದೆ. ಕೆಲವರಿಗೆ ಕಲ್ಲಂಗಡಿಯನ್ನು ತಟ್ಟಿ ಒಳಗೆ ಕೆಂಪಿದೆಯೋ ಇಲ್ಲವೋ ಹೇಳುವ ವಿದ್ಯೆ, ಕೆಲವರಿಗೆ ಚಹದ ಬಣ್ಣ ನೋಡಿ ಹಾಲಿಗೆ ನೀರೆಷ್ಟು ಬಿದ್ದಿದೆ ಎಂದು ಹೇಳುವ ವಿದ್ಯೆ. ನನ್ನದು ಕಿವಿ. ಕಮಲಾಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಬೆಳಕಿನ ಪಾಠವನ್ನು ಮೂರು ದಿನದಲ್ಲಿ ಮುಗಿಸಿ, ಶಬ್ದದ ಪಾಠವನ್ನು ಮೂರು ವಾರ ಎಳೆಯುತ್ತೇನೆ. ಕಲಬುರಗಿಯಿಂದ ದಿನವೂ ಬಸ್ಸಿನಲ್ಲಿ ಹೋಗುವಾಗ ಎಂಜಿನ್ನಿನ ಸದ್ದು ಕೇಳಿ ಅದರ ಕಾಯಿಲೆ ಏನೆಂದು ಪಕ್ಕದವರಿಗೆ ವಿವರಿಸುತ್ತೇನೆ. ಮಹಾಗಾಂವ ಬರುವುದರೊಳಗೆ ಪಕ್ಕದವರು ಬೇರೆ ಸೀಟು ನೋಡಿಕೊಂಡಿರುತ್ತಾರೆ. ಅವರಿಗೆ ಕಿಟಕಿ ಬೇಕಾಗಿತ್ತೇನೋ ಎಂದು ನಾನು ತಿಳಿಯುತ್ತಿದ್ದೆ.

ಇಂಥ ಕಿವಿಗೆ ತಕ್ಕ ಯಂತ್ರವೂ ಮನೆಯಲ್ಲಿತ್ತು. ನೌಕರಿ ಸಿಕ್ಕ ವರ್ಷ ಕಲಬುರಗಿ ಮೋಮಿನಪುರದ ರಿಪೇರಿ ಅಂಗಡಿಯ ಖಾದರ್ ಸಾಬರು ಕೈಯಾರೆ ಕಟ್ಟಿಕೊಟ್ಟ ಆಂಪ್ಲಿಫೈಯರ್ ಅದು. ಅದರ ಎರಡು ಸ್ಪೀಕರುಗಳಿಗೆ ತೇಗದ ಪೆಟ್ಟಿಗೆ. ಮೊದಮೊದಲು ಕ್ಯಾಸೆಟ್ಟು, ಆಮೇಲೆ ಸಿಡಿ, ಈಗ ಫೋನು, ಏನು ಬಂದರೂ ಹಾಡು ಕೊನೆಗೆ ಖಾದರ್ ಸಾಬರ ಡಬ್ಬದ ಮೂಲಕವೇ ಹೊರಬರಬೇಕು. ಮನೆಗೆ ಬಂದವರನ್ನು ನಾನು ಎರಡು ಸ್ಪೀಕರುಗಳ ನಟ್ಟನಡುವೆ ಒಂದು ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಕಣ್ಣು ಮುಚ್ಚಲು ಹೇಳುತ್ತಿದ್ದೆ. “ಈಗ ನೋಡ್ರಿ, ಎಡಗಡೆ ತಬಲಾ. ಬಲಗಡೆ ಸಾರಂಗಿ. ಹಾಡವ್ರು ಸರಿಯಾಗಿ ನಿಮ್ಮ ಮೂಗಿನ ಮುಂದ. ಇದಕ್ಕ ಸ್ಟೀರಿಯೋ ಅಂತಾರ್ರಿ” ಎಂದು ಕಿವಿಯ ಬಳಿ ಬಾಗಿ ಹೇಳುತ್ತಿದ್ದೆ. ಬಂದವರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸುತ್ತಿದ್ದರು. ಮಾವನವರಂತೂ ಒಮ್ಮೆ ಅಲ್ಲೇ ನಿದ್ದೆಹೋದರು. ಅದನ್ನೂ ನಾನು ಸಂಗೀತದ ಪ್ರಭಾವದ ಖಾತೆಗೆ ಹಾಕಿದೆ. ನನ್ನ ಹೆಂಡತಿ ನಾಗರತ್ನ ಮಾತ್ರ ಆ ಕುರ್ಚಿಯಲ್ಲಿ ಒಮ್ಮೆಯೂ ಕೂತವಳಲ್ಲ. “ನನಗ ಅಡಗಿ ಮನಿಯಾಗೇ ಎಲ್ಲಾ ಕೇಳಸ್ತದ ಬಿಡ್ರಿ” ಎನ್ನುತ್ತಿದ್ದಳು.

ತೊಂದರೆ ಶುರುವಾದದ್ದು ಕಳೆದ ಬೇಸಗೆಯಲ್ಲಿ. ಡಬ್ಬ ಗುಂಯ್ ಎನ್ನತೊಡಗಿತು. ದನಿ ಏರಿಸುವ ಗುಂಡಿ ತಿರುಗಿಸಿದರೆ ಹಪ್ಪಳ ಮುರಿದಂತೆ ಸದ್ದು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೇ ತಪ್ಪಾಯಿತು. ನಮ್ಮ ಶಾಲೆಗೆ ಹೊಸದಾಗಿ ಬಂದ ಗಣಿತದ ಮಲ್ಲಿಕಾರ್ಜುನ ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತ ಕೂತಿದ್ದ. ಮಿತಭಾಷಿ, ವಿನಯವಂತ. “ಸರ್, ಸ್ಪೀಕರ್ ಚಲೋ ಅದಾವಂದ್ರ ಅವು ಇರ್ಲಿ. ಆಂಪ್ಲಿಫೈಯರ್ ಬದಲಿ ಮಾಡ್ರಿ. ಈಗ ಅಂಗೈಯಷ್ಟು ಸಣ್ಣವು ಬರ್ತಾವ, ನನ್ನ ಹತ್ರಾನೂ ಒಂದದ” ಎಂದ. ಇಷ್ಟೇ. ಆದರೆ ಆ ಒಂದು ಮಾತು ನನ್ನ ತಲೆಯಲ್ಲಿ ಮನೆ ಮಾಡಿತು. ಬದಲಿಸುವುದೇ ಆದರೆ ಯಾವುದನ್ನು ಮೊದಲು? ಫೋನಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಮೊದಲು ಸ್ಪೀಕರ್ ಎಂದ. ಇನ್ನೊಬ್ಬ ಆಂಪ್ಲಿಫೈಯರ್ ಎಂದ. ಮೂರನೆಯವನು ಇದೆಲ್ಲ ಮೋಸ, ಬದಲಿಸಬೇಕಾದದ್ದು ವೈರು ಎಂದ. ನಾಲ್ಕನೆಯವನು ಕೋಣೆಯೇ ಸರಿಯಿಲ್ಲದಿದ್ದರೆ ಯಾವುದೂ ಸರಿಯಿರುವುದಿಲ್ಲ, ಮೊದಲು ದಪ್ಪನೆಯ ಪರದೆ ಹಾಕಿ ಎಂದ. ಇದನ್ನು ನಾಗರತ್ನಳಿಗೆ ಹೇಳಿದರೆ, “ಇವ ನೋಡ್ರಿ ಶ್ಯಾಣ್ಯಾ. ಪರದೆ ಹರದು ಎರಡು ವರ್ಷ ಆತು” ಎಂದಳು.

ಊರಿನ ಸೂಪರ್ ಮಾರ್ಕೆಟ್ ಪೇಟೆಯ ಒಂದು ಅಂಗಡಿಗೂ ಹೋದೆ. ಅಲ್ಲಿಯವನು ಎರಡು ಯಂತ್ರಗಳನ್ನು ಜೋಡಿಸಿ, ಒಂದಾದ ಮೇಲೊಂದು ಕೇಳಿಸುತ್ತೇನೆ, ಫರಕು ಹೇಳಿ ಎಂದ. ನಾನು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ, “ಹಾಂ, ಇದರಾಗ ಆಳ ಅದ ನೋಡು. ಮೊದಲಿನದು ಭಾಳ ತೆಳ್ಳಗಿತ್ತು” ಎಂದೆ. ಅವನು ತಗ್ಗಿದ ದನಿಯಲ್ಲಿ, “ಸರ್, ಇನ್ನಾ ಮೊದಲಿನದೇ ನಡದದ್ರಿ” ಎಂದ. ಅಂಗಡಿಯ ಗದ್ದಲದಲ್ಲಿ ಯಾರ ಕಿವಿಯಾದರೂ ತಪ್ಪುತ್ತದೆ ಎಂದು ಸಮಾಧಾನ ಮಾಡಿಕೊಂಡು ಹೊರಬಿದ್ದೆ.

ನಿಜ ಹೇಳಬೇಕೆಂದರೆ ನನ್ನನ್ನು ತಡೆದದ್ದು ಖಾದರ್ ಸಾಬರ ನೆನಪು. ಇಷ್ಟು ವರ್ಷಗಳಲ್ಲಿ ಅವರು ಎದುರಾದಾಗಲೆಲ್ಲ ಮಕ್ಕಳ ಬಗ್ಗೆ ಕೇಳುವ ಮೊದಲು, “ಹ್ಯಾಂಗದ ಮಾಸ್ತರ್ ನಮ್ಮ ಡಬ್ಬಾ?” ಎಂದೇ ಕೇಳುತ್ತಿದ್ದರು. ನಾನು “ಏಕದಂ ಫಸ್ಟ್ ಕ್ಲಾಸ್” ಎಂದಾಗ ಅವರ ಮುಖದಲ್ಲಿ ಏನೋ ಒಂದು ಛಾಯೆ ಹಾದುಹೋಗುತ್ತಿತ್ತು. ಅದು ಕಲಾವಿದನ ಸಂಕೋಚ ಎಂದು ನಾನು ತಿಳಿದಿದ್ದೆ. ಅಂಥವರ ಕೈಕೆಲಸವನ್ನು ಮೂಲೆಗೆ ತಳ್ಳಿ, ಅಂಗೈಯಷ್ಟು ಸಣ್ಣ ಯಾವುದೋ ಪೆಟ್ಟಿಗೆಯನ್ನು ತಂದಿಟ್ಟೆ ಎಂದು ಅವರ ಎದುರು ನಿಂತು ಹೇಗೆ ಹೇಳುವುದು? ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಡಬ್ಬ ಗುಂಯ್ ಎನ್ನುತ್ತಲೇ ಇತ್ತು, ನಾನು ತೂಗಿ ನೋಡುತ್ತಲೇ ಇದ್ದೆ.

ಒಂದು ಭಾನುವಾರ ಮಲ್ಲಿಕಾರ್ಜುನ ತನ್ನ ಪುಟ್ಟ ಆಂಪ್ಲಿಫೈಯರನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ಬಂದ. ಎರಡನ್ನೂ ಕೇಳಿ ನೋಡಿ ನೀವೇ ತೀರ್ಮಾನಿಸಿ ಎಂದ. ಮೊದಲು ನಾನು ಅವನನ್ನು ಕುರ್ಚಿಯಲ್ಲಿ ಕೂರಿಸಿ ನನ್ನ ಡಬ್ಬದ ದರ್ಶನ ಮಾಡಿಸಿದೆ. ತಬಲಾ, ಸಾರಂಗಿ, ಮೂಗಿನ ಮುಂದೆ ಹಾಡುವವರು, ಎಲ್ಲ ಹೇಳಿದೆ. ಅವನು ಕಣ್ಣು ಮುಚ್ಚಿದವನು ಒಂದೇ ಕಣ್ಣು ತೆರೆದು ಎಡಗಡೆಯ ಸ್ಪೀಕರನ್ನೊಮ್ಮೆ, ಬಲಗಡೆಯದನ್ನೊಮ್ಮೆ ನೋಡಿದ. ಆಮೇಲೆ ವೈರುಗಳನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿ ಅದೇ ಹಾಡು ಹಚ್ಚಿದ. ನನಗೆ ಒಮ್ಮೆಲೇ ದಿಗಿಲಾಯಿತು. ತಬಲಾ ಗೋಡೆಯ ಕಡೆಗೆ ಓಡಿಹೋಗಿತ್ತು. ಸಾರಂಗಿ ಬಾಗಿಲಿನ ಹತ್ತಿರ ನಿಂತಿತ್ತು. “ನೋಡಿದಿ? ನಿನ್ನದರಾಗ ಎಲ್ಲಾ ಹರಕೊಂಡು ದಿಕ್ಕಾಪಾಲಾಗಿ ಹೋಗ್ಯಾವ. ನನ್ನದರಾಗ ಎಷ್ಟು ಚಂದ ಕೂಡಿ ಇದ್ದವು!” ಎಂದುಬಿಟ್ಟೆ.

ಮಲ್ಲಿಕಾರ್ಜುನ ಮತ್ತೆ ನನ್ನ ಡಬ್ಬಕ್ಕೆ ವೈರು ಸಿಕ್ಕಿಸಿದ. ಫೋನಿನಿಂದ ಡಬ್ಬದ ಹಿಂಭಾಗಕ್ಕೆ ಹೋಗುವ ವೈರಿಗೆ ಎರಡು ಪಿನ್ನು, ಎಡಕ್ಕೆ ಬಿಳಿ, ಬಲಕ್ಕೆ ಕೆಂಪು. ಅವನು ಕೆಂಪನ್ನು ಕಿತ್ತ. ಬಲಗಡೆ ಸುಮ್ಮನಾಗಬೇಕಿತ್ತು. ಎರಡೂ ಸ್ಪೀಕರು ಹಾಡುತ್ತಲೇ ಇದ್ದವು. ಕೆಂಪು ಹಾಕಿ ಬಿಳಿ ಕಿತ್ತ. ಆಗಲೂ ಎರಡೂ ಹಾಡಿದವು. ಲೆಕ್ಕ ತಪ್ಪಿದ ಹಿರಿಯರ ಎದುರು ನಿಂತ ಕಿರಿಯನ ಹಾಗೆ ಅವನು ಕೈ ಹೊಸೆದುಕೊಂಡು ನಿಂತ.

“ಸರ್, ಸಿಟ್ಟಾಗಬ್ಯಾಡ್ರಿ. ಇದರಾಗ ಎಡ-ಬಲ ಅಂತ ಇಲ್ರಿ. ಎರಡರಾಗೂ ಒಂದೇ ಬರ್ಲಾಕತ್ತದ.”

“ಹುಚ್ಚಾ ಏನೋ ಮಾರಾಯಾ! ಹದಿನೆಂಟು ವರ್ಷ ಕೇಳೀನಿ ನಾನು.”

“ಅದಕ್ಕೇ ಸಿಟ್ಟಾಗಬ್ಯಾಡ್ರಿ ಅಂದೆ” ಎಂದ ಅವನು.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಪಾತ್ರೆಗಳ ಸದ್ದು ನಿಲ್ಲುವುದು ನಮ್ಮ ಮನೆಯಲ್ಲಿ ಒಳ್ಳೆಯ ಲಕ್ಷಣವಲ್ಲ.

ಆ ಕ್ಷಣವೇ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಖಾದರ್ ಸಾಬರ ಬಾಯಿಂದ ಒಂದು ಮಾತು ಹೇಳಿಸಿ ಈ ಹುಡುಗನ ಬಾಯಿ ಮುಚ್ಚಿಸಬೇಕೆಂಬ ಹಟ. ಮಲ್ಲಿಕಾರ್ಜುನ ಬೈಕಿನಲ್ಲಿ ಹಿಂದೆ ಬಂದ. ಖಾದರ್ ಸಾಬರು ಮೋಮಿನಪುರದ ತಮ್ಮ ಅಂಗಡಿಯಲ್ಲಿ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಯಾರದೋ ಮಿಕ್ಸಿ ಬಿಚ್ಚುತ್ತಿದ್ದರು. ಟವೆಲ್ಲಿನೊಳಗಿಂದ ಡಬ್ಬ ಇಣುಕಿದ ಕೂಡಲೇ ಅವರ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗೆ ಬಿತ್ತು.

“ಯಾ ಅಲ್ಲಾ” ಎಂದರು. “ಕೊನಿಗೂ ಗೊತ್ತಾತೇನ್ ಮಾಸ್ತರ್?”

ನಾನು ಬೆಂಚಿನ ಮೇಲೆ ಕೂತೆ. ಅವರು ಹೇಳಿದರು. ಹದಿನೆಂಟು ವರ್ಷಗಳ ಹಿಂದೆ, ಕಟ್ಟಿಕೊಟ್ಟ ಕೆಲವೇ ತಿಂಗಳಿಗೆ, ನಾನು ಡಬ್ಬವನ್ನು ರಿಪೇರಿಗೆ ತಂದಾಗ ಅದರ ಒಂದು ಬದಿ ಪೂರಾ ಸುಟ್ಟಿತ್ತಂತೆ. ಸಾಮಾನು ಹೈದರಾಬಾದಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ನಡೆಯಲಿ ಎಂದು ಒಂದು ತುಂಡು ವೈರಿನಿಂದ ಎರಡೂ ಬದಿಯನ್ನು ಕೂಡಿಸಿ, ಎರಡೂ ಸ್ಪೀಕರುಗಳನ್ನು ಸುಡದೆ ಉಳಿದ ಒಂದು ಬದಿಗೇ ಕಟ್ಟಿದ್ದರಂತೆ.

“ಮುಂದಿನ ವಾರ ಬರ್ರಿ, ಸರಿ ಮಾಡಿ ಕೊಡ್ತೀನಿ ಅನ್ನಾವಿದ್ದೆ. ಅಷ್ಟರಾಗ ನೀವು ಇದೇ ಬೆಂಚಿನ ಮ್ಯಾಲ ಕೂತು, ಕಣ್ಣು ಮುಚ್ಚಿ, ವಾಹ್ ಖಾದರ್ ಸಾಬ್, ತಬಲಾ ಎಡಕ್ಕ ಹ್ಯಾಂಗ ಕೇಳಾಕತ್ತದ ಅಂದ್ರಿ. ಇಷ್ಟು ಖುಷ್ ಆದ ಮನಷ್ಯಾಗ ಹ್ಯಾಂಗ ಹೇಳ್ಲಿ? ಮುಂದಿನ ಸಲ ಹೇಳೋಣ ಅಂದೆ. ಮುಂದಿನ ಸಲ ನೀವು ಇನ್ನಾ ಜಾಸ್ತಿ ತಾರೀಫ್ ಮಾಡಿದ್ರಿ.” ಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. “ಒಂದೆರಡು ಸಲ ನನಗೇ ಡೌಟ್ ಬಂತು ನೋಡ್ರಿ. ಸೈನ್ಸ್ ಮಾಸ್ತರ್ ಇದ್ದೀರಿ. ನಮಗ ಕೇಳಲಾರದ್ದು ನಿಮಗ ಕೇಳತಿರಬೇಕು ಅಂದ್ಕೊಂಡೆ.”

ಮಲ್ಲಿಕಾರ್ಜುನ ಅಂಗಡಿಯ ಹೊರಗೆ ನಿಂತು ಬೀದಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. ಅವನ ಬೆನ್ನು ಕುಲುಕುತ್ತಿತ್ತು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈ ಮನುಷ್ಯನ ಮನಸ್ಸು ನೋಯಬಾರದೆಂದು ನಾನು ನಾಲ್ಕು ತಿಂಗಳು ಒದ್ದಾಡಿದ್ದೆ. ಅವರು ನನ್ನ ಮನಸ್ಸು ನೋಯಬಾರದೆಂದು ಹದಿನೆಂಟು ವರ್ಷ ಒದ್ದಾಡಿದ್ದರು. “ಹೊಸಾದು ತೊಗೊಂಡ್ ಬಿಡ್ರಿ ಮಾಸ್ತರ್. ನನಗೂ ಎದಿ ಮ್ಯಾಲಿನ ಭಾರ ಇಳೀತದ” ಎಂದರು ಸಾಬರು. ಹೊಸದರ ಹುಚ್ಚು ಯಾವ ಮಾಯದಲ್ಲೋ ಇಳಿದುಹೋಗಿತ್ತು. ಇದನ್ನೇ ಸರಿ ಮಾಡಿಕೊಡಿ ಎಂದೆ. ಈಗ ಆ ಸಾಮಾನು ಅವರ ಡ್ರಾದಲ್ಲೇ ಇತ್ತು. ಚಹ ತರಿಸಿದರು. ನಾವು ಕುಡಿಯುತ್ತ ಕೂತಿರುವಾಗ ಬೆಸುಗೆ ಹಾಕಿ, ಆ ತುಂಡು ವೈರನ್ನು ಕತ್ತರಿಸಿ, ಗುಂಡಿಯ ಧೂಳು ತೆಗೆದು, ಕೈಗೆ ಕೊಟ್ಟರು. ಮಲ್ಲಿಕಾರ್ಜುನ ಬೈಕು ಹತ್ತುವ ಮುನ್ನ, “ಸ್ಟಾಫ್ ರೂಮಿನಾಗ ಏನೂ ಹೇಳಂಗಿಲ್ರಿ ಸರ್” ಎಂದ. ಹೇಳಿದರೂ ಅವನದೇನೂ ತಪ್ಪಿರಲಿಲ್ಲ.

ಮನೆಗೆ ಬಂದು ಡಬ್ಬವನ್ನು ಜೋಡಿಸಿ, ಹಾಡು ಹಚ್ಚಿ, ಮೂಲೆಯ ಸ್ಟೂಲಿನ ಮೇಲೆ ಕೂತೆ. ಯಾವ ಕಡೆಯಿಂದ ಏನು ಬರುತ್ತದೆ ಎಂದು ಹೇಳುವ ಧೈರ್ಯ ಉಳಿದಿರಲಿಲ್ಲ. ನಾಗರತ್ನ ಕೈ ಒರೆಸಿಕೊಳ್ಳುತ್ತ ಬಂದವಳು ನಡುವಿನ ಕುರ್ಚಿಯಲ್ಲಿ ಕೂತಳು. ಹಾಡು ಮುಗಿಯುವವರೆಗೆ ಎದ್ದೇಳಲಿಲ್ಲ.

“ಭಾಳ ಚಂದ ಅದರಿ ಹಾಡು” ಎಂದಳು.

“ಅದು ಖಾದರ್ ಸಾಬರು ಹೊಸಾ ಸಾಮಾನು ಹಾಕ್ಯಾರಲ್ಲ, ಅದಕ್ಕ...”

“ಅದೇನೋ ನನಗ ತಿಳೀದು. ಇಷ್ಟು ವರ್ಷ ಹಾಡು ಶುರು ಆತಂದ್ರ ನೀವೂ ಶುರು ಆಗ್ತಿದ್ರಿ. ಹಾಡಿನ ಮಾತು ಏನವ ಅಂತ ನನಗ ಇವತ್ತೇ ಗೊತ್ತಾತು.”

ನಾನು ಸ್ಟೀರಿಯೋದ ತತ್ವವನ್ನು ವಿವರಿಸಲು ಬಾಯಿ ತೆರೆದೆ. ಅವಳು ಕೈ ಎತ್ತಿ, “ಇನ್ನೊಂದು ಹಚ್ಚರಿ” ಎಂದಳು. ಹಚ್ಚಿದೆ. ಆ ಹಾಡಿನಲ್ಲಿ ತಬಲಾ ಎಲ್ಲಿತ್ತು, ಸಾರಂಗಿ ಎಲ್ಲಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿರುವ ಕೆಲಸದಲ್ಲೇ ನನ್ನ ಪೂರ್ತಿ ಗಮನವಿತ್ತು.