ಐದು ಕಡ್ಡಿಯ ಪ್ರತಾಪ

ಇಪ್ಪತ್ತೊಂದು ವರ್ಷಗಳಿಂದ ಸೌದಿಯ ಯಾನ್ಬುವಿನ ರಿಫೈನರಿಯೊಂದರ ಸ್ಟೋರ್ ಕೀಪರ್ ಆಗಿರುವ ನಾನು, ಅಂದರೆ ಈ ಕಲಂದರ್, ಆ ಸೋಮವಾರ ಸಂಜೆ ಚಹಾದ ಗ್ಲಾಸನ್ನು ಟೀಪಾಯಿ ಮೇಲೆ ಕುಟ್ಟಿ ಘೋಷಿಸಿದೆ: "ನಸೀಮಾ, ಶುಕ್ರವಾರದೊಳಗೆ ಈ ಮನೆಗೆ ಸಿಗ್ನಲ್ ಬರುತ್ತದೆ. ಬಾರದಿದ್ದರೆ ನನ್ನ ಹೆಸರು ಕಲಂದರ್ ಅಲ್ಲ."

"ಹೆಸರು ಬದಲಾದರೆ ಇಕಾಮಾದಲ್ಲೂ ಬದಲಾಯಿಸಬೇಕು. ಇರುವ ಹೆಸರಿನ ಇಕಾಮಾವೇ ಇನ್ನೂ ಆಫೀಸಿನಿಂದ ಬಂದಿಲ್ಲ," ಎಂದಳು ನನ್ನ ಹೆಂಡತಿ, ಬಟಾಣಿ ಸುಲಿಯುತ್ತಾ.

ಬಾಣ ಸರಿಯಾದ ಜಾಗಕ್ಕೇ ತಾಗಿತು. ಅವಳ ಒಬ್ಬಳೇ ತಂಗಿ ನುಸೈಬಾಳ ನಿಖಾಹ್ ಆ ಶುಕ್ರವಾರ ಉಪ್ಪಿನಂಗಡಿಯಲ್ಲಿ. ನಮ್ಮ ಇಕಾಮಾಗಳು, ಅಂದರೆ ಸೌದಿಯಲ್ಲಿರಲು ಕೊಡುವ ಪರವಾನಗಿ ಕಾರ್ಡುಗಳು, ರಿನೀವಲ್‌ಗೆಂದು ಆಫೀಸಿಗೆ ಹೋದವು, ಅಲ್ಲೇ ಸಂಸಾರ ಹೂಡಿದವು. ಇಕಾಮಾ ಇಲ್ಲದೆ ದೇಶ ಬಿಡುವ ಹಾಗಿಲ್ಲ. ನಸೀಮಾ ಎರಡು ದಿನ ಅತ್ತಳು. ಮೂರನೆಯ ದಿನ ಕಣ್ಣೊರೆಸಿಕೊಂಡು ಒಂದೇ ಒಂದು ಬೇಡಿಕೆ ಇಟ್ಟಳು. ಮದುಮಗ "ಖಬಿಲ್ತು", ಅಂದರೆ ಒಪ್ಪಿದೆ ಎನ್ನುವುದನ್ನು ಅವಳು ಫೋನಿನಲ್ಲಾದರೂ ತನ್ನ ಕಿವಿಯಾರೆ ಕೇಳಬೇಕು. ಊರಿನಲ್ಲಿ ಸಂಜೆ ನಾಲ್ಕೂವರೆ, ನಮ್ಮಲ್ಲಿ ಮಧ್ಯಾಹ್ನ ಎರಡು ಗಂಟೆ. ಒಳಕೋಣೆಯಲ್ಲಿ ಮದುಮಗಳ ಮಡಿಲಲ್ಲಿ ಫೋನ್ ಇಡುವುದೆಂದೂ, ಹೊರಗಿನ ಮೈಕಿನ ಮಾತೆಲ್ಲ ಅದರಲ್ಲಿ ಕೇಳಿಸುವುದೆಂದೂ ಅತ್ತೆ ಜಮೀಲಮ್ಮ ಏರ್ಪಾಟು ಮಾಡಿ ಆಗಿತ್ತು.

ಆ ತುದಿ ಸಿದ್ಧ. ಗಂಡಾಂತರ ಈ ತುದಿಯಲ್ಲಿ.

ನಮ್ಮ ಫ್ಲ್ಯಾಟು ಮೂರನೆಯ ಮಹಡಿಯಲ್ಲಿದೆ, ಅದರ ಮೇಲೆ ಟೆರೇಸು. ಆದರೆ ಬೇರೆ ಫ್ಲ್ಯಾಟುಗಳಂತೆ ಬೀದಿಗಲ್ಲ, ನಮ್ಮ ಕಿಟಕಿಗಳೆಲ್ಲ ಕಟ್ಟಡದ ನಡುವಿನ ಬಾವಿಯಂಥ ಒಳಸಂದಿಗೆ ತೆರೆಯುತ್ತವೆ. ಗೋಡೆಗಳು ಎಷ್ಟು ದಪ್ಪವೆಂದರೆ ಮೊಳೆ ಹೊಡೆದರೆ ಮೊಳೆಯೇ ಕ್ಷಮೆ ಕೇಳಿ ಬಾಗುತ್ತದೆ. ಬಿಲ್ಡಿಂಗಿಗೆ ಟೆಲಿಫೋನ್ ಲೈನ್ ಇಲ್ಲ, ಇಂಟರ್ನೆಟ್ಟೂ ಮೊಬೈಲಿನದ್ದೇ. ಇಡೀ ಮನೆಯಲ್ಲಿ ಸಿಗ್ನಲ್ ಬರುವುದು ಒಂದೇ ಕಡೆ, ಅಡುಗೆ ಕೋಣೆಯ ಎಕ್ಸಾಸ್ಟ್ ಫ್ಯಾನಿನ ತೂತಿನ ಹತ್ತಿರ. ನಸೀಮಾ ಬಕೆಟ್ ಕವುಚಿ ಹಾಕಿ, ಅದರ ಮೇಲೆ ಹತ್ತಿ, ತಲೆಯನ್ನು ಫ್ಯಾನಿಗೆ ಒಡ್ಡಿಕೊಂಡು ಮಾತಾಡುತ್ತಿದ್ದಳು. ಫ್ಯಾನು ನಿಲ್ಲಿಸಿದರೂ ಹೊರಗಿನ ಎ.ಸಿ.ಗಳ ಗರ್ಜನೆ ಅದರಿಂದಲೇ ಒಳಗೆ ಬರುತ್ತಿತ್ತು. ಮಗಳಿಗೆ ವಿಮಾನ ನಿಲ್ದಾಣದೊಳಗೇ ಮನೆ ಸಿಕ್ಕಿದೆ ಎಂದು ಅತ್ತೆ ಎರಡು ವರ್ಷ ನಂಬಿದ್ದರು.

ಇಂಥ ಜಾಗದಲ್ಲಿ ನಿಂತು ತಂಗಿಯ ನಿಖಾಹ್ ಕೇಳುವುದೇ? ನಾನು ಇರುವಾಗ?

ಕಂಪೆನಿಯ ಡ್ರೈವರ್ ಬಾಡ ಎಂಬವ ಜಿದ್ದಾಕ್ಕೆ ಹೋಗುವವನಿದ್ದ. ಅವನಿಗೆ ಹೇಳಿ ಸಿಗ್ನಲ್ ಬೂಸ್ಟರ್ ತರಿಸಿದೆ. ಬುಧವಾರ ಪೆಟ್ಟಿಗೆ ಬಂತು. ಒಳಗೆ ಒಂದು ಬಿಳಿ ಡಬ್ಬಿ, ಟೆರೇಸಿಗೊಂದು ಆಂಟೆನಾ, ಮನೆಯೊಳಗೆ ನೇತು ಹಾಕಲು ನೀರ್ ದೋಸೆಯಷ್ಟು ಅಗಲದ ಇನ್ನೊಂದು ಆಂಟೆನಾ, ಒಂದು ಸುರುಳಿ ಕಪ್ಪು ಕೇಬಲ್. ಜೊತೆಗೆ ಒಂದು ಪುಸ್ತಕ, ಅರ್ಧ ಚೀನೀ, ಅರ್ಧ ಅರಬಿ. ನಾನು ಚಿತ್ರಗಳನ್ನು ಓದಿದೆ.

"ನಿಮಗೆ ಇದೆಲ್ಲ ಬರುತ್ತದಾ?" ಎಂದು ನಸೀಮಾ ಕೇಳಿದಳು.

ಪ್ರಶ್ನೆಯೇ ಅವಮಾನ! "ಇಂಥ ಕೇಬಲನ್ನು ನಾನು ಮೈಲುಗಟ್ಟಲೆ ಕೊಟ್ಟಿದ್ದೇನೆ. ನಟ್ಟು, ಬೋಲ್ಟು, ಕನೆಕ್ಟರು, ರಿಫೈನರಿಯಲ್ಲಿ ಯಾವುದು ಎಲ್ಲಿದ್ದರೂ ನನ್ನ ಕೈಯಿಂದಲೇ ಹೋದದ್ದು."

"ಕೊಟ್ಟಿದ್ದೀರಿ, ಸರಿ. ಒಂದಾದರೂ ಹಾಕಿದ್ದೀರಾ?"

ಉತ್ತರ ಕೊಡುವುದು ನನ್ನ ಹುದ್ದೆಗೆ ತಕ್ಕದ್ದಾಗಿರಲಿಲ್ಲ. ನಾನು ವಾಚ್‌ಮನ್‌ನಿಂದ ಟೆರೇಸಿನ ಕೀ ಇಸಿದುಕೊಂಡು ಹೊರಟೆ. ನಮ್ಮ ಟೆರೇಸಿಗೆ ಸದಾ ಬೀಗ. ಅಕ್ಕಪಕ್ಕದ ಮನೆಯಂಗಳಗಳು ಅಲ್ಲಿಂದ ಕಾಣುತ್ತವೆ ಎಂದು ಡಿಶ್ ರಿಪೇರಿಯವರನ್ನು ಬಿಟ್ಟರೆ ಯಾರನ್ನೂ ಮೇಲೆ ಬಿಡುತ್ತಿರಲಿಲ್ಲ. ಸಹಾಯಕ್ಕೆ ಮೊದಲ ಮಹಡಿಯ ಸೀನನನ್ನು ಕರೆದೆ. ಸೀನ ಕಾರ್ಕಳದವ, ಎ.ಸಿ. ಮೆಕ್ಯಾನಿಕ್, ಹಾಗಾಗಿ ಏಣಿ ಇರುವ ಮನುಷ್ಯ.

ಮೇಲೆ ಇಪ್ಪತ್ತು ಮೂವತ್ತು ಡಿಶ್‌ಗಳು ಸಾಲಾಗಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದವು. ನಾವು ಗಲ್ಫಿನವರು ಡಿಶ್ ತಿರುಗಿಸಿ ತಿರುಗಿಸಿಯೇ ಕೂದಲು ನರೆಸಿಕೊಂಡವರು. ಒಂದು ಬೆರಳಿನಷ್ಟು ಆಚೀಚೆ ಆದರೂ ಕನ್ನಡ ಚಾನೆಲ್ ಹೋಗಿ ಇನ್ಯಾವುದೋ ದೇಶದ ಹವಾಮಾನ ಬರುತ್ತದೆ ಎಂದು ಬಲ್ಲವರು. ನಾನು ಆಂಟೆನಾವನ್ನು ಪೈಪಿಗೆ ಕಟ್ಟಿ, ಸೊಂಟದ ಮೇಲೆ ಕೈಯಿಟ್ಟು, ಅದನ್ನೂ ಸೀದಾ ಪೂರ್ವಕ್ಕೆ ತಿರುಗಿಸಿದೆ.

"ಊರಿನ ಚಾನೆಲ್ ಬರುವುದು ಈ ಕಡೆಯಿಂದ. ಊರಿನ ಫೋನು ಬೇರೆ ಕಡೆಯಿಂದ ಬರುತ್ತದಾ?"

"ಅದೂ ಹೌದು ಮಾರಾಯ್ರೆ," ಎಂದ ಸೀನ, ನನ್ನ ವಿದ್ವತ್ತಿಗೆ ಬೆರಗಾಗಿ. ಇನ್ನೂ ಒಂದಿಷ್ಟು ತಿರುಗಿಸಿದರೆ ಕಾರ್ಕಳವೂ ಸಿಕ್ಕೀತು ಎಂದು ಮೆಲ್ಲಗೆ ಒತ್ತಾಯವನ್ನೂ ಮಾಡಿದ.

ಕೇಬಲನ್ನು ಒಳಸಂದಿಯಲ್ಲಿ ಇಳಿಬಿಟ್ಟು, ಕಿಟಕಿಯಿಂದ ಒಳಗೆಳೆದು, ದೋಸೆಯಾಕಾರದ ಆಂಟೆನಾವನ್ನು ಹಾಲಿನ ಛಾವಣಿಗೆ ಅಂಟಿಸಿ, ಬಿಸ್ಮಿಲ್ಲಾ ಹೇಳಿ ಸ್ವಿಚ್ ಒತ್ತಿದೆ. ಹಸಿರು ದೀಪ ಹತ್ತಿತು. ಫೋನಿನಲ್ಲಿ ಕಡ್ಡಿ? ಸೊನ್ನೆ.

ಅಲ್ಲಿಂದ ನನ್ನ ಸಂಶೋಧನೆ ಆರಂಭವಾಯಿತು. ಕನೆಕ್ಟರ್ ಬಿಚ್ಚಿ ಬಿಗಿ ಮಾಡಿದೆ. ಪ್ಲಗ್ ಬದಲಾಯಿಸಿದೆ. ಆಫ್ ಮಾಡಿ ನೂರರವರೆಗೆ ಎಣಿಸಿ ಆನ್ ಮಾಡಿದೆ. ಸಿಮ್ ತೆಗೆದು ಅಂಗಿಗೆ ಉಜ್ಜಿದೆ. ಬೂಸ್ಟರಿನ ಬೆನ್ನಿಗೆ ಎರಡು ತಟ್ಟಿದೆ, ಮೊದಲು ಪ್ರೀತಿಯಿಂದ, ಆಮೇಲೆ ಬೇರೆ ಭಾವದಿಂದ. ಗುರುವಾರ ಸಂಜೆ ಡ್ಯೂಟಿ ಮುಗಿಸಿ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದಾಗ ನಸೀಮಾ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನೋಡಿದಳು.

"ಒಂದು ಕೇಳುತ್ತೇನೆ. ಬಖಾಲ ಅಂಗಡಿಯ ಹಿಂದೆ ಕೆಂಪು ಬಿಳಿ ಬಣ್ಣದ ದೊಡ್ಡ ಟವರ್ ಇದೆಯಲ್ಲ, ಅದು ಯಾಕೆ ನಿಂತದ್ದು?"

ಬಖಾಲ ಇದ್ದದ್ದು ಪಶ್ಚಿಮಕ್ಕೆ. ನನ್ನ ಆಂಟೆನಾ ಎರಡು ದಿನದಿಂದ ಟವರಿಗೆ ಬೆನ್ನು ಹಾಕಿ, ಮರುಭೂಮಿ, ಕೊಲ್ಲಿ, ಸಮುದ್ರ ಎಲ್ಲವನ್ನೂ ದಾಟಿ ನೇರ ಉಪ್ಪಿನಂಗಡಿಯನ್ನು ದಿಟ್ಟಿಸುತ್ತಿತ್ತು.

"ಅದನ್ನು ಕೊನೆಗೆ ನೋಡೋಣ ಅಂತ ಇಟ್ಟಿದ್ದೆ," ಎಂದೆ. ಅವಳು ಟೆರೇಸಿನ ಕೀ ಕೈಗಿಟ್ಟಳು.

ಆಂಟೆನಾ ತಿರುಗಿಸಿ ಕೆಳಗೆ ಬರುವಷ್ಟರಲ್ಲಿ ಪವಾಡ! ಒಂದಲ್ಲ, ಎರಡಲ್ಲ, ಐದಕ್ಕೆ ಐದು ಕಡ್ಡಿ! ಹಾಲಿನಲ್ಲಿ ಐದು, ಮಲಗುವ ಕೋಣೆಯಲ್ಲಿ ಐದು, ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ನೋಡಿದರೂ ಐದು! ಯುದ್ಧ ಗೆದ್ದ ಸುಲ್ತಾನನಂತೆ ಸೋಫಾದಲ್ಲಿ ಕಾಲು ಚಾಚಿದೆ. ನಸೀಮಾಳ ಮುಖದಲ್ಲಿ ವಾರದಿಂದ ಕಾಣದ ನಗು. ಅವಳು ಊರಿಗೆ ಡಯಲ್ ಮಾಡಿದಳು. ಕುಂಯ್ ಎಂದು ಕಟ್ಟಾಯಿತು. ಮತ್ತೆ ಮಾಡಿದಳು. ಮತ್ತೆ ಕುಂಯ್.

"ಕಡ್ಡಿ ಇದೆ, ಕಾಲ್ ಹೋಗುವುದಿಲ್ಲ."

"ಸಿಗ್ನಲ್ ತರುವುದು ನನ್ನ ಕೆಲಸ, ತಂದೆ. ಕಾಲ್ ಸಾಗಿಸುವುದು ಕಂಪೆನಿಯ ಕೆಲಸ. ಟವರಿನಲ್ಲೇ ಏನೋ ದೋಷ," ಎಂದು ತೀರ್ಪು ಕೊಟ್ಟೆ. ಎಷ್ಟೆಂದರೂ ಸ್ಟೋರಿನವನು. ಸಾಮಾನು ಕೌಂಟರ್ ದಾಟಿದ ಮೇಲೆ ನನ್ನ ಜವಾಬ್ದಾರಿಯಲ್ಲ.

ಶುಕ್ರವಾರ ಬೆಳಿಗ್ಗೆ ಬಾಗಿಲು ಬಡಿದದ್ದು ಸೀನ. "ಕಲಂದರಾಕ, ನನ್ನ ಫೋನ್ ಸತ್ತಿದೆ. ದಿನಾ ಏಳಕ್ಕೆ ಊರಿಗೆ, ಹೆಂಡತಿ ಸುಂದರಿಗೆ ಫೋನ್ ಮಾಡದಿದ್ದರೆ ಅವಳು ಪೊಲೀಸಿಗೆ ಹೋಗುವವಳು ಮಾರಾಯ್ರೆ." ಅವನ ಹಿಂದೆ ಎರಡನೆಯ ಮಹಡಿಯವರು, ಅವರ ಹಿಂದೆ ನೆಲಮಹಡಿಯವರು. ಇಡೀ ಬಿಲ್ಡಿಂಗಿನಲ್ಲಿ ಫೋನಿಲ್ಲ. ಪಕ್ಕದ ಬಿಲ್ಡಿಂಗಿನಲ್ಲೂ ಇಲ್ಲ. ಬಖಾಲದಲ್ಲೂ ಇಲ್ಲ. ನಾನು ಮೆಟ್ಟಿಲ ಮೇಲೆ ನಿಂತು, ಲುಂಗಿ ಬಿಗಿ ಮಾಡಿಕೊಂಡು, ಟವರುಗಳ ಸ್ವಭಾವದ ಬಗ್ಗೆ ಉಪನ್ಯಾಸ ಕೊಟ್ಟೆ. ನೋಡಿ, ನಮ್ಮ ಮನೆಯಲ್ಲಿ ಐದು ಕಡ್ಡಿ ಇದ್ದರೂ ಕಾಲ್ ಹೋಗುವುದಿಲ್ಲ, ಬೂಸ್ಟರ್ ಇರುವ ನನಗೇ ಹೀಗಾದರೆ ನಿಮ್ಮಂಥವರ ಪಾಡೇನು ಎಂದು ಮರುಗಿದೆ. ಎಲ್ಲರೂ ತಲೆದೂಗಿದರು.

"ನಿನ್ನೆ ಸಂಜೆಯವರೆಗೆ ಎಲ್ಲರಿಗೂ ಸರಿ ಇತ್ತಲ್ಲ?" ಎಂದು ಒಳಗಿನಿಂದ ನಸೀಮಾ ಕೇಳಿದಳು. ಹೆಂಗಸರಿಗೆ ತಾಂತ್ರಿಕ ವಿಷಯ ಅರ್ಥವಾಗುವುದಿಲ್ಲ ಎಂಬಂತೆ ನಾನು ಮುಗುಳ್ನಕ್ಕೆ. ಆ ನಗುವಿಗೆ ಈಗಲೂ ಪಶ್ಚಾತ್ತಾಪ ಪಡುತ್ತಿದ್ದೇನೆ.

ನೆರೆಹೊರೆಯ ಪ್ರತಿನಿಧಿಯಾಗಿ ಕಾರು ಹತ್ತಿ, ಫೋನು ಹಿಡಿಯುವ ದೊಡ್ಡ ರಸ್ತೆಗೆ ಹೋಗಿ, ಮೊಬೈಲ್ ಕಂಪೆನಿಗೆ ದೂರು ಕೊಟ್ಟೆ. ಮುರುಕು ಅರಬಿ, ಮುರುಕು ಇಂಗ್ಲಿಷ್, ಸಿಟ್ಟು ಮಾತ್ರ ಇಡಿಯಾಗಿ. ನನ್ನ ಹೆಸರು, ಬಿಲ್ಡಿಂಗು, ಫ್ಲ್ಯಾಟು ಎಲ್ಲ ಬಿಡಿಸಿ ಹೇಳಿದೆ. ಬೇಗ ಬರಲಿ ಎಂದು, ನಾನೂ ಟೆಕ್ನಿಕಲ್ ಲೈನಿನವನೇ ಎಂದು ಸೇರಿಸಿದೆ.

ಜುಮಾ ನಮಾಜ್ ಮುಗಿಸಿ ಬಂದಾಗ ನಸೀಮಾ ಹೊಸ ಹಸಿರು ಚೂಡಿದಾರ ಹಾಕಿ ಕೂತಿದ್ದಳು. ಎದುರುಮನೆಯ ಸಾಜಿದಾ ಮತ್ತು ಇನ್ನಿಬ್ಬರು ಹೆಂಗಸರು ಬಂದಿದ್ದರು. ತಟ್ಟೆಯಲ್ಲಿ ಹಲ್ವ. ನಡುವೆ ಟೀಪಾಯಿ ಮೇಲೆ ಫೋನು, ಐದು ಕಡ್ಡಿ ತೋರಿಸುತ್ತಾ, ಒಂದು ಕಾಲನ್ನೂ ಹೋಗಗೊಡದೆ. ಗಂಟೆ ಒಂದು ಹತ್ತು.

ಆಗ ಕೆಳಗೆ ಕಂಪೆನಿಯ ಜೀಪು ನಿಂತಿತು. ಇಳಿದವನು ಯಹ್ಯಾ ಎಂಬ ಎಳೆ ಗಡ್ಡದ ಸೌದಿ ಎಂಜಿನಿಯರ್. ಕೈಯಲ್ಲಿ ಮೀನಿನ ಮುಳ್ಳಿನಂಥ ಒಂದು ಆಂಟೆನಾ, ಅದಕ್ಕೊಂದು ಕಿರುಗುಟ್ಟುವ ಯಂತ್ರ. ದೂರು ಕೊಟ್ಟವರು ಯಾರೆಂದು ಕೇಳಿದ. ನಾನು ಎದೆ ಮುಂದೆ ಮಾಡಿದೆ. ಟವರ್ ಗಟ್ಟಿಯಾಗಿದೆ, ಇಲ್ಲೇ ಯಾವುದೋ ಮನೆಯಲ್ಲಿ ಯಾರೋ ಅದರ ಕತ್ತು ಹಿಸುಕುತ್ತಿದ್ದಾರೆ, ಹುಡುಕಬೇಕು ಎಂದ.

"ಯಾವನೋ ಹಿಮಾರ್," ಎಂದು ನಾನು ಹಲ್ಲು ಕಡಿದೆ. ಅರಬಿಯಲ್ಲಿ ಕತ್ತೆ ಎಂದರ್ಥ. "ಬನ್ನಿ, ಒಂದೊಂದೇ ಮನೆ ತೋರಿಸುತ್ತೇನೆ."

ನಾನು ಮುಂದೆ, ಯಹ್ಯಾ ಹಿಂದೆ, ಅವನ ಹಿಂದೆ ಸೀನನೂ ಅರ್ಧ ಬಿಲ್ಡಿಂಗೂ. ನೆಲಮಹಡಿಯಲ್ಲಿ ಯಂತ್ರ ಸಣ್ಣಗೆ ಕಿರುಗುಟ್ಟಿತು. ಮೊದಲ ಮಹಡಿಯಲ್ಲಿ ಸ್ವಲ್ಪ ಜೋರು. ಸೀನನ ಬಾಗಿಲ ಮುಂದೆ ನಿಂತು ನಾನು ಅವನನ್ನು ಅನುಮಾನದಿಂದ ನೋಡಿದೆ. ಅವನ ಮುಖ ಬಿಳುಚಿತು. ಎರಡನೆಯ ಮಹಡಿಯಲ್ಲಿ ಯಂತ್ರ ಚೀರತೊಡಗಿತು. ಮೂರನೆಯದಕ್ಕೆ ಏರುವಾಗ ನಾನು ಯಾಕೋ ಯಹ್ಯಾನನ್ನು ಮುಂದೆ ಬಿಟ್ಟೆ. ನಮ್ಮ ಬಾಗಿಲ ಮುಂದೆ ಯಂತ್ರ ಪ್ರಾಣ ಹೋಗುವಂತೆ ಕಿರುಚಿತು.

"ಇದು ಯಾರ ಮನೆ?" ಎಂದ ಯಹ್ಯಾ.

ಸೀನ ನನಗಿಂತ ಮೊದಲು ಉತ್ತರಿಸಿದ. "ಆ ಹಿಮಾರಿನದ್ದು."

ಹೆಂಗಸರು ಒಳಕೋಣೆಗೆ ಸರಿದರು. ಯಹ್ಯಾ ಛಾವಣಿ ನೋಡಿದ, ಕಿಟಕಿಯಿಂದ ಕತ್ತೆತ್ತಿ ಟೆರೇಸಿನ ಪೈಪು ನೋಡಿದ, ಆಮೇಲೆ ಪುಸ್ತಕದ ಎರಡನೆಯ ಪುಟ ತೆರೆದು ತೋರಿಸಿದ. ಒಂದು ಮನೆ, ಮೇಲೊಂದು ಆಂಟೆನಾ, ಸರಿಯಾಗಿ ಅದರ ಕೆಳಗೆ ಇನ್ನೊಂದು, ಎರಡರ ನಡುವೆ ದೊಡ್ಡ ಗುಣಾಕಾರ ಚಿಹ್ನೆ. ನಾನು ಅದನ್ನು ಕಿಟಕಿಯ ಸರಳು ಎಂದುಕೊಂಡಿದ್ದೆ! ಹೀಗೆ ಹತ್ತಿರ ಇಟ್ಟರೆ ಮೇಲಿನದು ಕೆಳಗಿನದರ ಧ್ವನಿಯನ್ನೇ ಕೇಳಿ ಇನ್ನೂ ಜೋರಾಗಿ ಕೂಗುತ್ತದಂತೆ, ಅದನ್ನು ಕೇಳಿ ಇದು ಮತ್ತಷ್ಟು. ಕೊನೆಗೆ ಬೇರೆ ಯಾರ ಮಾತೂ ಟವರಿಗೆ ಕೇಳಿಸುವುದಿಲ್ಲವಂತೆ.

"ತಾನೇ ಮಾತಾಡುವುದು, ತಾನೇ ಕೇಳುವುದು, ಬೇರೆಯವರಿಗೆ ಬಾಯಿ ತೆರೆಯಲು ಬಿಡದಿರುವುದು," ಎಂದು ಒಳಕೋಣೆಯಿಂದ ನಸೀಮಾಳ ಧ್ವನಿ ಬಂತು. "ಆ ಮಷೀನು ಬೇಗ ಈ ಮನೆಗೆ ಹೊಂದಿಕೊಂಡಿದೆ."

ಅನುಮತಿ ಇಲ್ಲದೆ ಇಂಥದ್ದು ಇಡುವ ಹಾಗಿಲ್ಲ ಎಂದು ಯಹ್ಯಾ ಒಂದು ಕಾಗದಕ್ಕೆ ನನ್ನ ಸಹಿ ಪಡೆದು, ಬೂಸ್ಟರಿನ ಪ್ಲಗ್ ಕಿತ್ತ. ಅಷ್ಟೇ. ಕೆಳಗಿನ ಮಹಡಿಗಳಲ್ಲಿ ಒಂದೊಂದೇ ಫೋನು ಎಚ್ಚೆತ್ತು ಹಾಡತೊಡಗಿತು. ಸೀನ ಮೂರು ಮೂರು ಮೆಟ್ಟಿಲು ಹಾರುತ್ತಾ ಸುಂದರಿಯನ್ನು ಸಂತೈಸಲು ಓಡಿದ. ನಮ್ಮ ಮನೆಯ ಫೋನೊಂದೇ ಸೊನ್ನೆ ಕಡ್ಡಿಯೊಂದಿಗೆ ತೆಪ್ಪಗೆ ಮಲಗಿತ್ತು. ಗಂಟೆ ಒಂದು ನಲವತ್ತು.

ನಸೀಮಾ ಹೊಸ ಚೂಡಿದಾರದಲ್ಲಿಯೇ ಅಡುಗೆ ಕೋಣೆಗೆ ಹೋಗಿ, ಬಕೆಟ್ ಕವುಚಿ ಹಾಕಿ, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಕಣ್ಣು ತುಂಬಿತ್ತು. ಇಪ್ಪತ್ತೊಂದು ವರ್ಷದಲ್ಲಿ ಕೇಳಿದವರಿಗೆಲ್ಲ ಕೇಳಿದ್ದನ್ನು ರ್ಯಾಕಿನಿಂದ ತೆಗೆದುಕೊಟ್ಟವನು ನಾನು. ಇವಳು ಕೇಳಿದ ಒಂದೇ ಒಂದು ವಸ್ತು ನನ್ನಲ್ಲಿ ಸ್ಟಾಕ್ ಇರಲಿಲ್ಲ.

ಅಷ್ಟರಲ್ಲಿ ಒಳಸಂದಿಯಿಂದ ದೊಡ್ಡ ನಗು ಕೇಳಿಸಿತು. ಮೇಲೆ ಆಂಟೆನಾ ಬಿಚ್ಚುತ್ತಿದ್ದ ಯಹ್ಯಾ ಯಾರೊಡನೆಯೋ ನನ್ನ ಕಥೆ ಹೇಳಿಕೊಂಡು ನಗುತ್ತಿದ್ದ.

ನಸೀಮಾ ಬಕೆಟ್ ಮೇಲಿಂದ ತಿರುಗಿದಳು. "ಅವರು ಯಾರ ಹತ್ತಿರ ಮಾತಾಡುವುದು?"

"ಆಫೀಸಿನವರ ಹತ್ತಿರ ಇರಬೇಕು. ಫೋನಿನಲ್ಲಿ."

"ಯಾವ ಮಷೀನು ಇಟ್ಟುಕೊಂಡು?"

"ಮಷೀನು ಬಿಚ್ಚಿ ಆಯಿತಲ್ಲ. ಬರೀ ಫೋನು."

ಅವಳು ಬಕೆಟ್ಟಿನಿಂದ ಇಳಿದಳು. ನನ್ನನ್ನು ನೋಡಿದಳು. ನಾನೂ ನನ್ನನ್ನು ನೋಡಿಕೊಂಡೆ. ಮೂರು ದಿನದಲ್ಲಿ ಆರು ಸಲ ಆ ಟೆರೇಸಿಗೆ ಹತ್ತಿ ಇಳಿದವನು ನಾನು, ಆರು ಸಲವೂ ಜೇಬಿನಲ್ಲಿ ಫೋನಿತ್ತು, ಒಮ್ಮೆಯೂ ತೆಗೆದು ಕಡ್ಡಿ ನೋಡಿರಲಿಲ್ಲ.

ಯಹ್ಯಾನಿಗೆ ವಿಷಯ ಹೇಳಿದೆ. ಅವನು ನಗು ನಿಲ್ಲಿಸಿ, ತಲೆ ತಗ್ಗಿಸಿ ಕೆಳಗಿಳಿದ. ಒಂದು ಗಂಟೆ ಹೊತ್ತು ಹೆಂಗಸರಿರುತ್ತಾರೆ, ಬೇರೆ ಯಾರನ್ನೂ ಮೇಲೆ ಬಿಡಬೇಡ ಎಂದು ವಾಚ್‌ಮನ್‌ಗೆ ತಾಕೀತು ಮಾಡಿ ಹೋದ. ಸೆಪ್ಟೆಂಬರಿನ ಮಧ್ಯಾಹ್ನದ ಬಿಸಿಲು. ಡಿಶ್‌ಗಳ ನಡುವೆ ನಾಲ್ವರು ಹೆಂಗಸರು ಗುಂಪಾಗಿ ನಿಂತರು. ನಾನು ದೊಡ್ಡ ಬೆಡ್‌ಶೀಟಿನ ಒಂದು ಅಂಚನ್ನು ಪೈಪಿಗೆ ಕಟ್ಟಿ, ಇನ್ನೊಂದು ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೆರಳಾದೆ.

ಎರಡಕ್ಕೆ ಮೂರು ನಿಮಿಷ ಇರುವಾಗ ಕಾಲ್ ಹೋಯಿತು. ಮದುಮಗನ "ಖಬಿಲ್ತು" ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಊರಿನ ಒಳಕೋಣೆಯಿಂದ ನುಸೈಬಾ ಅಳುತ್ತಾ, "ದೀದಿ, ಕೇಳಿತಾ?" ಎಂದಳು. "ಕೇಳಿತು ಮೋಳೇ, ಎಲ್ಲ ಕೇಳಿತು," ಎಂದು ನಸೀಮಾ ನಗುತ್ತಾ ಅತ್ತಳು. ಸಾಜಿದಾ ಹಲ್ವ ಹಂಚಿದಳು. ಕೈ ಎರಡೂ ಮೇಲಿದ್ದ ಕಾರಣ ನನಗೆ ಸಿಗಲಿಲ್ಲ.

ಆಮೇಲೆ ಜಮೀಲಮ್ಮ ಫೋನು ತೆಗೆದುಕೊಂಡು, ಅಳಿಯನಿಗೆ ಕೊಡು ಎಂದರಂತೆ. ನಸೀಮಾ ಫೋನನ್ನು ನನ್ನ ಕಿವಿಗೆ ಹಿಡಿದಳು. "ದೇವರು ಒಳ್ಳೆಯದು ಮಾಡಲಿ ಮೋನೆ," ಎಂದರು ಅತ್ತೆ. "ನೀನು ದೊಡ್ಡ ಮಷೀನು ಇಟ್ಟಿದ್ದಿ ಅಂತ ನಸೀಮಾ ಹೇಳಿದ್ದಳು. ಇವತ್ತು ವಿಮಾನದ ಸದ್ದೇ ಇಲ್ಲ, ಎಷ್ಟು ಚಂದ ಕೇಳುತ್ತದೆ. ನುಸೈಬಾಳ ಗಂಡನ ಮನೆಯಲ್ಲೂ ಸಿಗ್ನಲ್ ಇಲ್ಲವಂತೆ. ರಜೆಗೆ ಬರುವಾಗ ಅಂಥದ್ದೇ ಒಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಾ."

ನಾನು ವಿನಯದಿಂದ ಗಂಟಲು ಸರಿಪಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ನಸೀಮಾ ಫೋನನ್ನು ತನ್ನ ಕಿವಿಗೆ ಎಳೆದುಕೊಂಡಳು.

"ಅದು ಸೂಟ್‌ಕೇಸಿಗೆ ಹಿಡಿಯುವುದಿಲ್ಲ ಉಮ್ಮಾ. ನಾವೆಲ್ಲ ಈಗ ಅದರ ಮೇಲೆಯೇ ನಿಂತಿದ್ದೇವೆ."